ಬಳಕೆದಾರ-4ರ ಕರ್ತವ್ಯನಿಷ್ಠೆ

ತೂಕ ಮತ್ತು ಅಳತೆ ತಪಾಸಣಾ ಕಚೇರಿಯಲ್ಲಿ ಕಳೆದ ಇಪ್ಪತ್ತೆರಡು ವರ್ಷಗಳಿಂದ ಉತ್ತರ ಪಡೆಯದೆ ಉಳಿದ ಬರಹ ಒಂದೂ ಇಲ್ಲ. ಇದು ಹೊಗಳಿಕೆಯಲ್ಲ, ದಾಖಲೆಯಲ್ಲಿರುವ ಸಂಗತಿ. ಬಾಗಿಲಿಗೆ ಎದುರಾಗಿ ಗಾಜಿನ ಚೌಕಟ್ಟಿನಲ್ಲಿ ನಿಯಮವನ್ನೇ ತೂಗುಹಾಕಿದ್ದಾರೆ: "ಕಚೇರಿಗೆ ಬಂದ ಯಾವುದೇ ಬರಹವು ಆವಕ ಪುಸ್ತಕದಲ್ಲಿ ದಾಖಲಾಗದೆ, ಸಂಖ್ಯೆ ಪಡೆಯದೆ, ಏಳು ದಿನಗಳೊಳಗೆ ಉತ್ತರ ಪಡೆಯದೆ ಇರತಕ್ಕದ್ದಲ್ಲ." ಆ ಚೌಕಟ್ಟಿನ ಕೆಳಗಿನ ಮೇಜು ಟಪಾಲು ಗುಮಾಸ್ತನದು. ಬಂದದ್ದನ್ನು ಬರೆದುಕೊಳ್ಳುವುದು, ಹೋಗಬೇಕಾದದ್ದನ್ನು ಕಳಿಸುವುದು ಅವನ ಕೆಲಸ. ಆ ಕೆಲಸದಲ್ಲಿ ಅವನು ಎಷ್ಟು ಮುಳುಗಿದ್ದನೆಂದರೆ ಎಲ್ಲರೂ ಅವನನ್ನು ಟಪಾಲಪ್ಪ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ.

ಟಪಾಲಪ್ಪನ ಶ್ರದ್ಧೆಗೆ ಒಂದು ಉದಾಹರಣೆ ಸಾಕು. ಒಮ್ಮೆ ತಿಗಣೆ ಔಷಧಿ ಮಾರುವವನೊಬ್ಬ ಕಿಟಕಿಯಿಂದ ಕರಪತ್ರ ಎಸೆದು ಹೋದ. ಬೇರೆಯವರಾಗಿದ್ದರೆ ಅದರಲ್ಲಿ ಮೇಜು ಒರೆಸುತ್ತಿದ್ದರು. ಟಪಾಲಪ್ಪ ಅದಕ್ಕೆ ಸಂಖ್ಯೆ ಕೊಟ್ಟು, ಮೇಲಿನವರ ಸಹಿ ಮಾಡಿಸಿ, ಆರನೆಯ ದಿನ ಉತ್ತರ ರವಾನಿಸಿದ: "ತಮ್ಮ ಪತ್ರ ತಲುಪಿದೆ. ಸದ್ಯಕ್ಕೆ ಈ ಕಚೇರಿಯಲ್ಲಿ ತಿಗಣೆಗಳಿಲ್ಲ. ಬಂದ ಕೂಡಲೇ ತಮಗೆ ತಿಳಿಸಲಾಗುವುದು." ಮರುವರ್ಷ ತಿಗಣೆಗಳು ಬಂದವು. ತಿಳಿಸಲಾಯಿತು.

ಇನ್ನು ಕಚೇರಿಯ ಕಡತಗಳ ವಿಚಾರ. ಅವೆಲ್ಲ ಇರುವುದು ಅಜ್ಜನ ಹೊಟ್ಟೆಯಲ್ಲಿ. ಅಜ್ಜ ಎಂದರೆ ಸರ್ವರ್. ಕುಡಿಯುವ ನೀರಿನ ಫಿಲ್ಟರಿನ ಪಕ್ಕ, ಒಂದು ಮರದ ಸ್ಟೂಲಿನ ಮೇಲೆ ಕೂತಿರುವ ಕಂದು ಬಣ್ಣದ ಪೆಟ್ಟಿಗೆ. ಎಲ್ಲರ ಕಂಪ್ಯೂಟರಿನಿಂದಲೂ ಒಂದೊಂದು ತಂತಿ ಹೋಗಿ ಅಜ್ಜನಿಗೆ ಸೇರುತ್ತದೆ. ಯಾರು ಏನು ಟೈಪ್ ಮಾಡಿದರೂ ಅದು ಅಜ್ಜನ ಬಳಿ ಇರುತ್ತದೆ, ಬೇಕಾದಾಗ ಅಜ್ಜನನ್ನೇ ಕೇಳಿ ಪಡೆಯಬೇಕು. ಅಜ್ಜ ಹದಿನಾಲ್ಕು ವರ್ಷಗಳಿಂದ ಗೊರಗೊರ ಸದ್ದು ಮಾಡುತ್ತ ಬದುಕಿದ್ದಾನೆ. ಒಂದು ದಿನ ಸದ್ದು ಕಡಿಮೆಯಾದರೆ ಎಲ್ಲರ ಎದೆಯೂ ಧಸಕ್ ಎನ್ನುತ್ತದೆ. ಅವನ ನೆತ್ತಿಯ ಮೇಲೆ ಫ್ಯಾನೊಂದು ಹಗಲಿರುಳು ತಿರುಗುತ್ತದೆ. ಸಾಹೇಬರ ಕೋಣೆಯ ಫ್ಯಾನು ಕೆಟ್ಟಾಗಲೂ ಅದನ್ನು ಬಿಚ್ಚಿಕೊಂಡು ಹೋಗುವ ಧೈರ್ಯ ಯಾರಿಗೂ ಬರಲಿಲ್ಲ.

ಆ ತಿಂಗಳ ಎರಡನೆಯ ತಾರೀಕು ಟಪಾಲಪ್ಪನ ವರ್ಗಾವಣೆ ಆದೇಶ ಟೈಪ್ ಆಯಿತು.

ಇದಕ್ಕಾಗಿ ಅವನು ಹನ್ನೊಂದು ವರ್ಷ ಕಾದಿದ್ದ. ಅವನ ಹೆಂಡತಿ ಬಸ್ಸಿನಲ್ಲಿ ಒಂಬತ್ತು ಗಂಟೆ ದೂರದ ಊರಿನಲ್ಲಿ ಶಾಲೆಯ ಟೀಚರ್. ಅವಳು ಅಲ್ಲಿ, ಇವನು ಇಲ್ಲಿ. ತಿಂಗಳಿಗೊಮ್ಮೆ ಎರಡು ದಿನ ರಜೆ ಸಿಕ್ಕಿದರೆ ಭೇಟಿ. ಅದರಲ್ಲಿ ಒಂದು ದಿನ ಬಟ್ಟೆ ಒಗೆಯುವುದರಲ್ಲಿ, ಇನ್ನೊಂದು ದಿನ ಬಸ್ಸಿನ ಹೊತ್ತು ಎಷ್ಟಾಯಿತೆಂದು ಗಡಿಯಾರ ನೋಡುವುದರಲ್ಲಿ ಕಳೆಯುತ್ತಿತ್ತು. ಈಗ ಆ ಊರಿನ ಕಚೇರಿಯಲ್ಲಿ ಟಪಾಲು ಗುಮಾಸ್ತನ ಜಾಗ ಖಾಲಿಯಾಗಿತ್ತು. ಆದೇಶಕ್ಕೆ ಸಾಹೇಬರು ಮೂವತ್ತನೆಯ ತಾರೀಕು ಸಂಜೆ ಐದರೊಳಗೆ ಸಹಿ ಹಾಕಬೇಕು. ಆಮೇಲೆ ವರ್ಗಾವಣೆಯ ಬಾಗಿಲು ಮುಚ್ಚುತ್ತದೆ, ಮತ್ತೆ ತೆರೆಯುವುದು ಯಾವಾಗ ಎಂದು ಯಾರೂ ಹೇಳಲಾರರು.

"ಆರ್ಡರ್ ಬಂತಾ?" ಹೆಂಡತಿ ಫೋನಿನಲ್ಲಿ ಕೇಳಿದಳು.

"ಟೈಪ್ ಆಗಿದೆ ಕಣೆ. ಪ್ರಿಂಟ್ ತೆಗೆದು ಸಾಹೇಬರ ಸಹಿ ಹಾಕಿಸೋದೊಂದೇ ಬಾಕಿ."

"ಸರಿ. ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿದೀನಿ, ನಿಮ್ಮ ಬಟ್ಟೆಗೆ. ಹಳೇ ಅಂಗಿಗಳನ್ನೆಲ್ಲ ತುಂಬ್ಕೊಂಡು ಬರಬೇಡಿ."

ಟಪಾಲಪ್ಪನಿಗೆ ಅಂದು ಸಂತೋಷ ತಡೆಯಲಾಗಲಿಲ್ಲ. ಅಷ್ಟು ಹಿಗ್ಗು ಅವನಿಗೆ ಒಗ್ಗುವಂಥದ್ದಲ್ಲ, ಸಂಜೆ ಕಚೇರಿ ಮುಚ್ಚುವಾಗಲೂ ಎರಡು ಸಲ ಎಡವಿದ.

ಮೂರನೆಯ ತಾರೀಕು ಬೆಳಿಗ್ಗೆ ಟೈಪಿಸ್ಟ್ ಆದೇಶವನ್ನು ತೆರೆಯಲು ಹೋದಳು. ತೆರೆಯಲಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಚೌಕ ಮೂಡಿತು: "ಈ ಕಡತವನ್ನು ಬಳಕೆದಾರ-4 ತೆರೆದಿದ್ದಾರೆ. ನಂತರ ಪ್ರಯತ್ನಿಸಿ."

"ಏನೋ ಬರ್ಕೊಂಡು ಬಂದಿದೆ ನೋಡಿ," ಎಂದಳು ಟೈಪಿಸ್ಟ್.

ಬರಹ ಎಂದ ಕೂಡಲೇ ಟಪಾಲಪ್ಪ ಆವಕ ಪುಸ್ತಕ ಹಿಡಿದು ಎದ್ದು ಬಂದ. ಇಷ್ಟು ವರ್ಷ ಅಜ್ಜ ಕೊಡುತ್ತಿದ್ದ ಇಂಥ ಸಂದೇಶಗಳನ್ನು ಎಲ್ಲರೂ ಒಂದು ಕೀಲಿ ಒತ್ತಿ ಅಳಿಸಿಬಿಡುತ್ತಿದ್ದರು. ಆದರೆ ಇದು ತನ್ನ ಆದೇಶದ ವಿಚಾರ, ಕಾಟಾಚಾರಕ್ಕೆ ಮಾಡುವಂಥದ್ದಲ್ಲ. ನಿಯಮದಲ್ಲಿ "ಯಾವುದೇ ಬರಹ" ಎಂದಿದೆಯೇ ಹೊರತು ಕಾಗದದ ಮೇಲೆ ಬಂದದ್ದು ಮಾತ್ರ ಎಂದಿಲ್ಲ. ಅವನು ಸಂದೇಶವನ್ನು ಅಕ್ಷರ ಬಿಡದೆ ನಕಲು ಮಾಡಿ, ಕಳಿಸಿದವರು ಎಂಬ ಕಡೆ "ಸರ್ವರ್" ಎಂದು ಬರೆದು, 388 ಎಂದು ಸಂಖ್ಯೆ ಕೊಟ್ಟ. ಈ ಕೆಲಸ ಅವನೇ ಶುರು ಮಾಡಿದ್ದು ಎಂಬುದನ್ನು ಇಲ್ಲೇ ಹೇಳಿಬಿಡುವುದು ನ್ಯಾಯ.

ಹೆಡ್ ಕ್ಲರ್ಕ್ ಮೇಡಂ ಸಂಖ್ಯೆ ಬಿದ್ದ ಕಾಗದವನ್ನು ಎಂದೂ ಹಗುರವಾಗಿ ಕಂಡವರಲ್ಲ. ಕನ್ನಡಕ ಮೂಗಿನ ತುದಿಗಿಳಿಸಿ ಎರಡು ಸಲ ಓದಿದರು.

"ನಂತರ ಪ್ರಯತ್ನಿಸಿ ಅಂತಿದೆ. ನಂತರ ಅಂದ್ರೆ ಯಾವತ್ತು? ದಿನಾಂಕವೇ ಇಲ್ಲ."

"ಮೇಡಂ, ಹತ್ತು ಸಾಲಿನ ಆದೇಶ. ಹೊಸದಾಗಿ ಇನ್ನೊಂದು ಟೈಪ್ ಮಾಡಿಬಿಡ್ಲಾ?" ಎಂದಳು ಟೈಪಿಸ್ಟ್.

ಮೇಡಂ ಅವಳನ್ನು ಕರುಣೆಯಿಂದ ನೋಡಿದರು. "ಒಬ್ಬ ಮನುಷ್ಯನಿಗೆ ಎರಡು ಆದೇಶವಾದ್ರೆ ಅವನು ಎರಡು ಸಲ ಹೋಗಬೇಕಾಗುತ್ತೆ. ಮಧ್ಯೆ ಒಂದು ಸಲ ವಾಪಸ್ ಬರ್ಬೇಕಲ್ಲ, ಅದು ಯಾರ ಆದೇಶದ ಮೇಲೆ?"

ಟೈಪಿಸ್ಟ್ ತನ್ನ ಕುರ್ಚಿಗೆ ಮರಳಿದಳು. ಟಪಾಲಪ್ಪನಿಗೂ ಮೇಡಂ ಮಾತು ಸರಿಯೆನಿಸಿತು. ಅಂದೇ ಅಜ್ಜನಿಗೆ ಪತ್ರ ತಯಾರಾಯಿತು: "ತಮ್ಮ ಸಂದೇಶದಲ್ಲಿನ 'ನಂತರ' ಎಂಬುದು ಯಾವ ದಿನಾಂಕ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು." ಸಾಹೇಬರ ಸಹಿಯಾಯಿತು. ಟಪಾಲಪ್ಪ ಅದನ್ನು ಅಂಟುಪಟ್ಟಿಯಿಂದ ಅಜ್ಜನ ಮುಖಕ್ಕೆ ಹಚ್ಚಿ, ಕಚೇರಿ ಪ್ರತಿಯನ್ನು ತನ್ನ ಬೆನ್ನ ಹಿಂದಿನ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಹಳೆಯ ಸಾಮಾನಿನ ಮೇಲೆ ಇಟ್ಟ. ಕಚೇರಿ ಪ್ರತಿಗಳನ್ನು ಇಡಲು ಬೇರೆ ಜಾಗ ಇರಲಿಲ್ಲ.

ಏಳು ದಿನ ಕಾದರು. ಅಜ್ಜ ಉತ್ತರ ಕೊಡಲಿಲ್ಲ. ಟೈಪಿಸ್ಟ್ ದಿನಕ್ಕೆರಡು ಸಲ ಕಡತ ತೆರೆಯಲು ನೋಡುವಳು, ದಿನಕ್ಕೆರಡು ಸಲ ಅದೇ ಸಂದೇಶ ಬರುವುದು, ಟಪಾಲಪ್ಪ ಪ್ರತಿ ಸಲವೂ ಹೊಸ ಸಂಖ್ಯೆ ಕೊಡುವನು. ಒಂದೇ ವಿಷಯದ ಬಗ್ಗೆ ಇಷ್ಟು ಸಲ ಬರೆಯಬೇಕಾದರೆ ಅಜ್ಜನಿಗೂ ಏನೋ ತುರ್ತು ಇರಬೇಕು ಎಂದು ಮೇಡಂ ಅಭಿಪ್ರಾಯಪಟ್ಟರು. ಜ್ಞಾಪನಾ ಪತ್ರ ಹೋಯಿತು. ಅಂಟುಪಟ್ಟಿಗೆ ಬೇರೆ ಕಡೆ ಜಾಗವಿಲ್ಲದೆ ಅದನ್ನು ಅಜ್ಜನ ಗಾಳಿಕಿಂಡಿಯ ಮೇಲೆ ಹಚ್ಚಿದರು. ಗೊರಗೊರ ಸದ್ದು ಸ್ವಲ್ಪ ಜೋರಾಯಿತು. ಪತ್ರ ತಲುಪಿದೆ ಎಂಬುದಕ್ಕೆ ಅದನ್ನೇ ಸ್ವೀಕೃತಿ ಎಂದು ಬರೆದುಕೊಳ್ಳಲಾಯಿತು.

ಹನ್ನೆರಡನೆಯ ತಾರೀಕು ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಅವನು ಚೀಲ ಕೆಳಗಿಡುವ ಮೊದಲೇ ಮಾತು ಮುಗಿಸಿದ.

"ಯಾರೋ ತೆಗೆದು ಹಾಗೇ ಬಿಟ್ಟಿದಾರೆ ಸಾರ್. ಸರ್ವರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಬಿಡುಗಡೆ ಆಗುತ್ತೆ. ಎರಡು ನಿಮಿಷದ ಕೆಲಸ."

ಟಪಾಲಪ್ಪನ ಮುಖ ಅರಳಿತು. ಸಾಹೇಬರ ಮುಖ ಗಂಭೀರವಾಯಿತು.

"ಆಫ್ ಮಾಡೋಕೆ ನಮೂನೆ-9ರಲ್ಲಿ ಅನುಮತಿ ಆಗಬೇಕು. ನಮೂನೆ ಎಲ್ಲಿದೆ?"

"ಅಜ್ಜನ ಒಳಗೇ ಇದೆ ಸಾರ್," ಎಂದರು ಮೇಡಂ.

ನಮೂನೆ-9ನ್ನು ತೆರೆಯಲು ನೋಡಿದರು. ಅಜ್ಜ ಹೊಸ ಸಂದೇಶ ಕೊಟ್ಟ: "ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ. ಆಡಳಿತಗಾರರನ್ನು ಸಂಪರ್ಕಿಸಿ." ಟಪಾಲಪ್ಪ ಅದಕ್ಕೂ ಸಂಖ್ಯೆ ಕೊಟ್ಟ. ಆಡಳಿತಗಾರರು ಯಾರು ಎಂಬ ಪ್ರಶ್ನೆ ಎದ್ದಿತು. ರಿಪೇರಿಯವನು, ಅದು ನೀವೇ ಯಾರೋ ಒಬ್ಬರು, ಇಷ್ಟು ವರ್ಷದಲ್ಲಿ ಮರೆತಿದ್ದೀರಿ ಎಂದ. ತನ್ನನ್ನು ತಾನೇ ಮರೆಯುವಂಥ ನೌಕರ ಈ ಕಚೇರಿಯಲ್ಲಿಲ್ಲ ಎಂದು ಸಾಹೇಬರು ಅವನನ್ನು ಕಳಿಸಿಕೊಟ್ಟರು. ಮೇಲಿನ ಕಚೇರಿಗೆ ಬರೆದು ಕೇಳಿದ್ದಕ್ಕೆ ವಾರದೊಳಗೆ ಉತ್ತರ ಬಂತು: "ಆಡಳಿತಗಾರರು ತಮ್ಮಲ್ಲೇ ಇರತಕ್ಕದ್ದು. ಇಲ್ಲವಾದಲ್ಲಿ, ಯಾವಾಗಿನಿಂದ ಇಲ್ಲ ಎಂಬುದನ್ನು ನಮೂನೆ-14ರಲ್ಲಿ ತಿಳಿಸುವುದು." ನಮೂನೆ-14 ಎಲ್ಲಿದೆ ಎಂದು ಈ ಸಲ ಯಾರೂ ಕೇಳಲಿಲ್ಲ.

"ರೀ, ಆ ಡಬ್ಬಿಯ ಪ್ಲಗ್ ಕಿತ್ತುಬಿಡಿ. ಯಾರೂ ನೋಡದೇ ಇರೋವಾಗ," ಎಂದಳು ಹೆಂಡತಿ ಫೋನಿನಲ್ಲಿ.

"ಹಾಗೆಲ್ಲ ಕೀಳೋಕಾಗಲ್ಲ ಕಣೆ. ಪದ್ಧತಿ ಅಂತ ಒಂದಿದೆ."

"ಹನ್ನೊಂದು ವರ್ಷದಿಂದ ಪದ್ಧತಿ ಜೊತೆಗೇ ಸಂಸಾರ ಮಾಡ್ತಿದೀರಿ. ಸ್ವಲ್ಪ ನನ್ನ ಜೊತೆಗೂ ಮಾಡಿ."

ಟಪಾಲಪ್ಪ ಫೋನಿಟ್ಟು ಬಹಳ ಹೊತ್ತು ಅಜ್ಜನ ಪ್ಲಗ್ಗನ್ನೇ ನೋಡುತ್ತ ನಿಂತ. ಕೈ ಹಾಕಲು ಮನಸ್ಸಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಪ್ಲಗ್ಗಿನ ಮೇಲೆ "ಮುಟ್ಟಬಾರದು" ಎಂದು ಬರೆದ ಚೀಟಿಯಿತ್ತು. ಅದನ್ನು ಬರೆದು ಅಂಟಿಸಿದವನು ಅವನೇ.

ಉಳಿದ ದಾರಿ ಒಂದೇ. ಬಳಕೆದಾರ-4 ಯಾರು ಎಂದು ಪತ್ತೆ ಮಾಡಿ, ಕಡತ ಮುಚ್ಚಿಸುವುದು. ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯೂ ಅಜ್ಜನ ಒಳಗೇ ಇದ್ದುದರಿಂದ ಸೂಚನಾ ಫಲಕದಲ್ಲಿ ಪ್ರಕಟಣೆ ಹಾಕಿದರು:

"ಬಳಕೆದಾರ-4 ಇವರು ಈ ತಿಂಗಳ ಮೂರನೆಯ ತಾರೀಕಿನಿಂದ ಕಡತವೊಂದನ್ನು ತೆರೆದಿಟ್ಟುಕೊಂಡಿದ್ದು, ಸದರಿಯವರು ಮೂರು ದಿನಗಳೊಳಗೆ ಖುದ್ದಾಗಿ ಹಾಜರಾಗಿ ಕಾರಣ ತಿಳಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು."

ಟಪಾಲಪ್ಪನೇ ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದ. ಬರೆಯುವಾಗ ಬಳಕೆದಾರ-4ನ ಮೇಲೆ ಅವನಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ "ಸೂಕ್ತ" ಎಂಬಲ್ಲಿ "ಕಠಿಣ" ಎಂದು ಬರೆದು, ಮೇಡಂ ತಿದ್ದಬೇಕಾಯಿತು. ಯಾರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆ ಎಂಬ ಪರಿವೆ ಇಲ್ಲದ ಮನುಷ್ಯ, ಒಬ್ಬನ ಸಂಸಾರವನ್ನು ಹೀಗೆ ಹಿಡಿದಿಟ್ಟುಕೊಳ್ಳುವುದೇ ಎಂದು ಮನಸ್ಸಿನಲ್ಲೇ ಶಪಿಸಿದ.

ಮೂರು ದಿನ ಕಳೆಯಿತು. ಬಳಕೆದಾರ-4 ಹಾಜರಾಗಲಿಲ್ಲ. ಕ್ರಮ ಜರುಗಿಸಲು ಸಭೆ ಕರೆದರು. ಸಭೆಯಲ್ಲಿ ಸಾಹೇಬರು ಎಲ್ಲ ಸಂದೇಶಗಳನ್ನೂ ಮುಂದಿಟ್ಟುಕೊಂಡು ಓದಿದರು. ಓದುತ್ತ ಓದುತ್ತ ಅವರ ಮುಖದಲ್ಲಿ ಗೌರವ ಮೂಡತೊಡಗಿತು.

"ಸುಮಾರು ಮೂರು ವಾರದಿಂದ ಒಂದೇ ಕಡತ ಹಿಡ್ಕೊಂಡು ಕೂತಿದಾರೆ. ಭಾನುವಾರ ಇಲ್ಲ, ಊಟ ಇಲ್ಲ. ಬೆಳಿಗ್ಗೆ ನೋಡಿದ್ರೂ ಇದಾರೆ, ಸಂಜೆ ನೋಡಿದ್ರೂ ಇದಾರೆ. ನಿಮ್ಮಲ್ಲಿ ಯಾರಾದ್ರೂ ಒಂದು ಕಡತದ ಮುಂದೆ ಅರ್ಧ ಗಂಟೆ ಕೂತಿದ್ದು ನಾನಂತೂ ನೋಡಿಲ್ಲ."

ಎಲ್ಲರೂ ತಲೆ ತಗ್ಗಿಸಿದರು. ಅದು ನಿಜವಾಗಿತ್ತು.

"ಇಂಥವರ ಮೇಲೆ ಕ್ರಮ ತಗೊಂಡ್ರೆ ಮಿಕ್ಕವರಿಗೆ ಏನು ಸಂದೇಶ ಹೋಗುತ್ತೆ?" ಎಂದರು ಮೇಡಂ.

ಆ ವರ್ಷದ ಕರ್ತವ್ಯನಿಷ್ಠ ನೌಕರ ಪ್ರಶಸ್ತಿಯನ್ನು ಸರ್ವಾನುಮತದಿಂದ ಬಳಕೆದಾರ-4 ಅವರಿಗೆ ನೀಡಲಾಯಿತು. ಇಪ್ಪತ್ತಾರನೆಯ ತಾರೀಕು ಸಣ್ಣ ಸಮಾರಂಭ. ಗೋಡೆಯ ಮೇಲೆ ಚೌಕಟ್ಟು ಹಾಕಿ, ಕೆಳಗೆ "ಭಾವಚಿತ್ರ ಲಭ್ಯವಿಲ್ಲದ ಕಾರಣ ಖಾಲಿ ಬಿಡಲಾಗಿದೆ" ಎಂದು ಬರೆದರು. ಎಲ್ಲರಿಗೂ ಚಹಾ ಕೊಟ್ಟರು. ಬಳಕೆದಾರ-4ರ ಪಾಲಿನ ಲೋಟವನ್ನು ಅಜ್ಜನ ಮುಂದೆ ಇಟ್ಟು, ಆರಿದ ಮೇಲೆ ಟೈಪಿಸ್ಟ್ ಕುಡಿದಳು. ಪ್ರಶಸ್ತಿ ಪತ್ರವನ್ನು ಬರೆದವನು ಟಪಾಲಪ್ಪ. ಚಪ್ಪಾಳೆ ತಟ್ಟುವಾಗ ಅವನ ಕಣ್ಣಲ್ಲಿ ನೀರಿತ್ತು. ಸಾಹೇಬರು ಅದನ್ನು ಗಮನಿಸಿ, ಸಹೋದ್ಯೋಗಿಯ ಏಳಿಗೆಗೆ ಹೀಗೆ ಸಂತೋಷಪಡುವವರು ಅಪರೂಪ ಎಂದರು.

ಮೂವತ್ತನೆಯ ತಾರೀಕು ಬಂತು. ಸಂಜೆ ನಾಲ್ಕೂಕಾಲಿಗೆ ಟಪಾಲಪ್ಪ ಕಚೇರಿ ಪ್ರತಿಗಳ ರಾಶಿ ತೆಗೆಯಲು ಎದ್ದ. ಮಾಡಲು ಬೇರೇನೂ ಇರಲಿಲ್ಲ, ಸುಮ್ಮನೆ ಕೂತರೆ ಅಳು ಬರುತ್ತಿತ್ತು. ಮೂಲೆಯ ರಾಶಿ ಎದೆಯುದ್ದ ಬೆಳೆದಿತ್ತು. ಕಟ್ಟು ಕಟ್ಟಾಗಿ ಕೆಳಗಿಳಿಸಿದ. ಕೊನೆಯ ಕಟ್ಟು ತೆಗೆಯುವಾಗ ಅಂಗೈಗೆ ಬಿಸಿ ತಾಗಿತು. ಹೊದಿಸಿದ್ದ ಬಟ್ಟೆ ಎಳೆದ. ಕೆಳಗೆ ಹಳೆಯ ಕಾಲದ ದಪ್ಪ ಪೆಟ್ಟಿಗೆಯ ಕಂಪ್ಯೂಟರೊಂದು ಚಾಲೂ ಇತ್ತು. ಅದರ ಹಣೆಯ ಮೇಲೆ 4 ಎಂಬ ಚೀಟಿ ಇತ್ತು. ಪರದೆಯ ಮೇಲೆ ಅವನ ವರ್ಗಾವಣೆ ಆದೇಶ ತೆರೆದುಕೊಂಡಿತ್ತು.

ಟಪಾಲಪ್ಪ ಕೆಳಗಿಳಿಸಿದ್ದ ಕಟ್ಟಿನ ಮೇಲೇ ಕೂತ. ಎಲ್ಲ ನೆನಪಾಯಿತು. ಎರಡನೆಯ ತಾರೀಕಿನ ಸಂಜೆ, ಎಲ್ಲರೂ ಹೊರಟ ಮೇಲೆ, ತನ್ನ ಹೆಸರೂ ಹೆಂಡತಿಯ ಊರಿನ ಹೆಸರೂ ಒಂದೇ ಸಾಲಿನಲ್ಲಿ ಹೇಗೆ ಕಾಣುತ್ತವೆ ಎಂದು ನೋಡುವ ಆಸೆಯಾಗಿತ್ತು. ಯಾರೂ ಬಳಸದ ಈ ಹಳೆಯ ಯಂತ್ರದಲ್ಲಿ ತೆರೆದು ನೋಡಿದ್ದ. ಆ ಸಾಲಿನ ಮೇಲೆ ಬೆರಳಾಡಿಸಿದ್ದ. ಅಷ್ಟರಲ್ಲಿ ಕಾವಲುಗಾರ ಬೀಗದ ಕೈ ಅಲ್ಲಾಡಿಸಿದಾಗ, ಯಂತ್ರಗಳಿಗೆ ಬಟ್ಟೆ ಹೊದಿಸತಕ್ಕದ್ದು ಎಂಬ ನಿಯಮ ನೆನಪಾಗಿ, ಬಟ್ಟೆ ಹೊದಿಸಿ ಹೊರಟಿದ್ದ. ಮಾರನೆಯ ದಿನದಿಂದ ಅದರ ಮೇಲೆ ಅಜ್ಜನಿಗೆ ಬರೆದ ಪತ್ರಗಳ ಪ್ರತಿಗಳನ್ನು ಪೇರಿಸಿದ್ದ.

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಇನ್ನೂ ಅರ್ಧ ಗಂಟೆಯಿತ್ತು. ಕಡತ ಮುಚ್ಚಿದರೆ ಸಾಕು. ಟೈಪಿಸ್ಟ್ ಪ್ರಿಂಟ್ ತೆಗೆಯುತ್ತಾಳೆ, ಸಾಹೇಬರು ಕೋಣೆಯಲ್ಲೇ ಇದ್ದಾರೆ, ರಾತ್ರಿಯ ಬಸ್ಸು ಸಿಗುತ್ತದೆ. ಅವನು ಪರದೆಯ ಮೂಲೆಯಲ್ಲಿದ್ದ ಗುಣಿಸು ಗುರುತಿನ ಮೇಲೆ ಒತ್ತಿದ.

ಕಡತ ಮುಚ್ಚಲಿಲ್ಲ. ಬೂದು ಚೌಕವೊಂದು ಮೂಡಿತು: "ಬದಲಾವಣೆಗಳನ್ನು ಉಳಿಸಬೇಕೇ? ಹೌದು. ಇಲ್ಲ."

ಅಂದು ಪರದೆಯ ಮೇಲೆ ಬೆರಳಾಡಿಸುವಾಗ ಇನ್ನೊಂದು ಕೈ ಎಲ್ಲೋ ಒಂದು ಕೀಲಿ ಒತ್ತಿರಬೇಕು. ಎರಡರಲ್ಲಿ ಯಾವುದನ್ನು ಒತ್ತಿದ್ದರೂ ಆಗುತ್ತಿತ್ತು. ಇದು ಅವನಿಗೂ ಗೊತ್ತಿತ್ತು. ಬೆರಳು ಮುಂದೆ ಹೋಯಿತು ಕೂಡ. ಆದರೆ ಇದು ಪ್ರಶ್ನೆ, ಕಚೇರಿಗೆ ಬರಹದಲ್ಲಿ ಬಂದ ಪ್ರಶ್ನೆ. ಹೌದು ಎನ್ನುವ ಅಧಿಕಾರವಾಗಲಿ ಇಲ್ಲ ಎನ್ನುವ ಅಧಿಕಾರವಾಗಲಿ ಟಪಾಲು ಗುಮಾಸ್ತನಿಗೆ ಯಾವ ಕಾಲದಲ್ಲಿ ಇತ್ತು? ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದು ಪತ್ರಕ್ಕೂ ಸ್ವಂತವಾಗಿ ಉತ್ತರ ಕೊಟ್ಟವನಲ್ಲ. ಅವನ ಕೈ ತಾನಾಗಿಯೇ ಆವಕ ಪುಸ್ತಕವನ್ನು ಎಳೆದುಕೊಂಡಿತು. ಸಂಖ್ಯೆ 441.

ಸಾಹೇಬರು ಕಾಗದ ಓದಿ ಯೋಚನೆಗೆ ಬಿದ್ದರು.

"ಏನು ಬದಲಾವಣೆ?"

"ಗೊತ್ತಿಲ್ಲ ಸಾರ್. ಒಂದು ಚುಕ್ಕಿಯೋ ಏನೋ."

"ಏನೆಂದು ಗೊತ್ತಿಲ್ಲದ ಬದಲಾವಣೆಯನ್ನ ಉಳಿಸಿ ಅನ್ನೋಕಾಗಲ್ಲ. ಬೇಡ ಅನ್ನೋಕೂ ಆಗಲ್ಲ, ಪ್ರಶಸ್ತಿ ಪಡೆದ ನೌಕರರ ಕೆಲಸ ಅದು. ಬಳಕೆದಾರ-4 ಅವರನ್ನ ಕೇಳದೆ ನಾನು ನಿರ್ಧಾರ ಮಾಡಲ್ಲ."

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಟಪಾಲಪ್ಪ ಸಾಹೇಬರ ಮೇಜಿನ ಹತ್ತಿರಕ್ಕೆ ಸರಿದ.

"ಸಾರ್, ಬಳಕೆದಾರ-4 ನಾನೇ."

ಮೇಡಂ ಕನ್ನಡಕ ತೆಗೆದರು. ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ದಾಖಲೆ ಇದೆಯಾ?"

"ಪಟ್ಟಿಯಲ್ಲಿ ಇರುತ್ತೆ ಸಾರ್."

"ಪಟ್ಟಿ ಎಲ್ಲಿದೆ?"

ಟಪಾಲಪ್ಪ ಅಜ್ಜನ ಕಡೆ ನೋಡಿದ. ಅಜ್ಜ ಗೊರಗೊರ ಎನ್ನುತ್ತಿದ್ದ.

"ನೋಡಿ," ಎಂದರು ಸಾಹೇಬರು, ಬೈಯದೆ, ತಿಳಿಹೇಳುವ ದನಿಯಲ್ಲಿ. "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ಆದರೆ ಇನ್ನೊಬ್ಬರ ಪ್ರಶಸ್ತಿಗೆ ಹೀಗೆ ಕೈ ಹಾಕಬಾರದು. ನೀವೇ ಅವರು ಅಂತಿದ್ರೆ ಬರೆದು ಕೊಡಿ. ಏಳು ದಿನದಲ್ಲಿ ಪರಿಶೀಲಿಸಿ ತಿಳಿಸ್ತೀವಿ."

ಟಪಾಲಪ್ಪ ತನ್ನ ಮೇಜಿಗೆ ಬಂದು, ತಾನು ತಾನೇ ಎಂದು ಒಂದು ಅರ್ಜಿ ಬರೆದು, ತಾನೇ ಸ್ವೀಕರಿಸಿ, 442 ಎಂದು ಸಂಖ್ಯೆ ಕೊಟ್ಟ. ಮಸಿ ಆರುವಷ್ಟರಲ್ಲಿ ಐದು ಹೊಡೆಯಿತು. ಎಲ್ಲರೂ ಚೀಲ ಎತ್ತಿಕೊಂಡು ಹೊರಟರು.

ಆ ಸಂಜೆ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಮೆಲ್ಲಗೆ ಕೇಳಿದಳು.

"ಹೋಗ್ಲಿ, ಆದೇಶ ಗೀದೇಶ ಬಿಡಿ. ಕೆಲಸ ಬಿಟ್ಟು ಬರ್ತೀರಾ? ನನ್ನ ಸಂಬಳದಲ್ಲಿ ಇಬ್ಬರೂ ಬದುಕಬಹುದು. ಹೌದು ಅಂತೀರೋ, ಇಲ್ಲ ಅಂತೀರೋ?"

ಟಪಾಲಪ್ಪ ಹೌದು ಎನ್ನಬೇಕೆಂದೇ ಬಾಯಿ ತೆರೆದ. "ಏಳು ದಿನದೊಳಗೆ ತಿಳಿಸ್ತೀನಿ," ಎಂಬ ಮಾತು ಹೊರಬಂತು.

ಹೆಂಡತಿ ಫೋನಿಟ್ಟಳು. ನಾಲ್ಕನೆಯ ದಿನ ಅವಳ ಪತ್ರ ಕಚೇರಿಗೆ ಬಂತು. ಒಂದೇ ಸಾಲು: "ಬರುತ್ತೀರಾ? ಹೌದು. ಇಲ್ಲ." ಟಪಾಲಪ್ಪ ಅದನ್ನು ಎದೆಗೊತ್ತಿಕೊಂಡ, ಆಮೇಲೆ ಸಂಖ್ಯೆ ಕೊಟ್ಟ. ಹೆಡ್ ಕ್ಲರ್ಕ್ ಮೇಡಂ ಅಂಚಿನಲ್ಲಿ ಬರೆದರು: "ಸಂಖ್ಯೆ 441ರ ಪ್ರಶ್ನೆಯೂ ಇದೇ ಸ್ವರೂಪದ್ದಾಗಿರುವುದರಿಂದ ಎರಡನ್ನೂ ಒಟ್ಟಿಗೆ ಮಂಡಿಸುವುದು." ಸಾಹೇಬರು ಒಪ್ಪಿದರು. ಏಳನೆಯ ದಿನ ಟಪಾಲಪ್ಪ ತನ್ನ ಹೆಂಡತಿಗೆ ಕಚೇರಿಯ ಉತ್ತರವನ್ನು ಲಕೋಟೆಗೆ ಹಾಕಿ, ನಾಲಗೆಯಿಂದ ಅಂಟು ಒದ್ದೆ ಮಾಡಿ ಮುಚ್ಚಿದ: "ತಮ್ಮ ಪತ್ರ ತಲುಪಿದೆ. ವಿಷಯವು ಪರಿಶೀಲನೆಯಲ್ಲಿದೆ."

ಆಮೇಲಿನಿಂದ ಪ್ರತಿ ಏಳು ದಿನಕ್ಕೊಂದು ಉತ್ತರ ತಪ್ಪದೆ ಹೋಗುತ್ತಿದೆ. ಅವಳು ಒಂದನ್ನೂ ಎಸೆಯುವುದಿಲ್ಲ, ಬೀರುವಿನ ಖಾಲಿ ಖಾನೆಯಲ್ಲಿ ಒಪ್ಪವಾಗಿ ಜೋಡಿಸಿಡುತ್ತಾಳೆ. ಖಾನೆ ಅರ್ಧ ತುಂಬಿದೆ. ಮೊನ್ನೆ ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬಂದವರು, "ನಿಮ್ಮೆಜಮಾನ್ರು ಬರ್ತಾರೆ ಅಂತಿದ್ರಲ್ಲ, ಯಾವಾಗ?" ಎಂದರು.

"ಪರಿಶೀಲನೆಯಲ್ಲಿದ್ದಾರೆ," ಎಂದಳು ಹೆಂಡತಿ.

"ಹಾಗಾದ್ರೆ ಇನ್ನೇನು, ಬಂದ ಹಾಗೇ," ಎಂದು ಪಕ್ಕದ ಮನೆಯಾಕೆ ಸಕ್ಕರೆ ತೆಗೆದುಕೊಂಡು ಹೋದರು.